ರೋಬೋಟ್ ಒಳಗಿನ ಸೆಕೆ

ಏಪ್ರಿಲ್ 9, ಸಂಜೆ

ರೋಬೋಟ್ ವೇಷದಲ್ಲಿ ಮತ್ತೆ ಮಂಡಿ ಬಗ್ಗಿಸಿದೆನಂತೆ. ನಮ್ಮ ಈವೆಂಟ್ ಕಂಪನಿ ಓನರ್ ನಾಗಭೂಷಣ್ ಸರ್ ಬೈದರು. "ಹಳೇ ಪಿಕ್ಚರ್‌ನಾಗೆ ರೋಬೋಟ್ ಹೆಂಗೆ ನಡಿತಾವೆ ನೋಡಮ್ಮ ಸಬಾ. ನೀನು ಮದುಮಗಳ ಹಂಗೆ ಬಳುಕ್ತೀಯ."

ಮೊಬೈಲಿನಲ್ಲಿ ನೋಡಿದೆ. ತಗಡಿನ ಡಬ್ಬ, ಒಳಗೆ ಯಾರೋ ಪಾಪದವನು. ಹೊಸ ಸಿನಿಮಾದವು ಓಡುತ್ತವೆ, ಅಳುತ್ತವೆ, ಲವ್ ಮಾಡುತ್ತವೆ — ಎಲ್ಲ ಕಂಪ್ಯೂಟರ್. ಬೆವರೇ ಇಲ್ಲ. ನನಗೆ ಡಬ್ಬದವನೇ ಇಷ್ಟ. ನಮ್ಮವನು.

ಏಪ್ರಿಲ್ 11

ಅಬ್ಬಾ ಊಟಕ್ಕೆ ಕೂತು ಕೇಳಿದರು, "ಕ್ಲಿನಿಕ್‌ನಾಗೆ ಭಾನುವಾರನೂ ಡ್ಯೂಟಿನಾ?" ಹೂಂ ಅಂದೆ. ಪಿ.ಜೆ. ಬಡಾವಣೆಯ ಹಲ್ಲಿನ ಕ್ಲಿನಿಕ್ ಬಿಟ್ಟು ಎರಡು ತಿಂಗಳಾಯಿತು. ಮದುವೆಗಳಲ್ಲಿ ಲೈಟಿನ ರೋಬೋಟ್ ಆಗಿ ಕುಣಿಯುವುದು ಗೊತ್ತಾದರೆ ಹೊಸ್ತಿಲು ದಾಟಲು ಬಿಡುವುದಿಲ್ಲ.

ಆದರೆ ಬಿಡಲಾರೆ. ಆ ಡಬ್ಬದೊಳಗಿದ್ದಾಗ ಮಾತ್ರ ಯಾರೂ ನನಗೆ ವಯಸ್ಸೆಷ್ಟು, ಗಂಡು ಗೊತ್ತಾಯ್ತಾ ಅಂತ ಕೇಳುವುದಿಲ್ಲ.

ಏಪ್ರಿಲ್ 19

ಹರಿಹರ. ಮದುವೆ ಹಾಲ್‌ನ ಬಾಗಿಲಲ್ಲಿ ಎಲ್ಲರ ಕೈ ಕುಲುಕುತ್ತಾ ನಿಂತಿದ್ದೆ. ಎದುರಿಗೆ — ಅಮ್ಮಿ. ಜೊತೆಗೆ ಅವರ ತಂಗಿ ಖತೀಜಾಬೀ. ಮಂಡಿ ಕಟ್ಟಿಗೆಯಾಯಿತು, ಸರ್ ನೋಡಿದ್ದರೆ ಮೆಚ್ಚುತ್ತಿದ್ದರು.

ಎಲ್ಲರಿಗೂ ಸೆಲ್ಫಿ ಬೇಕು. ಅಮ್ಮಿ ಮಾತ್ರ ನನ್ನ ಬೂಟಿನ ಹತ್ತಿರ ತೊಟ್ಟಿಕ್ಕಿದ ಬೆವರು ನೋಡಿದರು.

"ಮಷಿನ್ ಐತೆ ಅದು. ಬಾ ಆಪಾ," ಅಂದರು ಖತೀಜಾಬೀ.

"ಮಷಿನ್ ಬೆವರ್ತೈತಾ?" ಅಮ್ಮಿ ಶರಬತ್ ತಂದು, ಮುಖವಾಡದ ಬಾಯಿಗೆ ಸ್ಟ್ರಾ ತೂರಿಸಿದರು. "ಕುಡಿಯಪ್ಪ. ಯಾವ ತಾಯಿ ಮಗನೋ."

ಕುಡಿದೆ. ಸ್ಟ್ರಾ ಎಳೆದುಕೊಂಡವರು ಅದನ್ನೇ ನೋಡುತ್ತಾ ನಿಂತರು. ತುದಿ ಚಪ್ಪಟೆ. ಸ್ಟ್ರಾ ಕಚ್ಚುವುದು ನನ್ನ ಚಿಕ್ಕಂದಿನ ಚಾಳಿ, ಅಮ್ಮಿ ಬೈದು ಬೈದು ಸುಸ್ತಾಗಿದ್ದಾರೆ.

ಅಮ್ಮಿ ಸ್ಟ್ರಾ ಬ್ಯಾಗಿಗೆ ಹಾಕಿಕೊಂಡು ಒಳಗೆ ಹೋದರು.

ಏಪ್ರಿಲ್ 20

ಅಮ್ಮಿ ಸುಮ್ಮನಿದ್ದಾರೆ. ಬೈಯಲಿ, ಹೊಡೆಯಲಿ... ಈ ಸುಮ್ಮನಿರುವುದು ತಡೆಯಲಾಗುತ್ತಿಲ್ಲ.

ಏಪ್ರಿಲ್ 26, ಆಟೋದಲ್ಲಿ

ಹೊರಡುವಾಗ ಅಬ್ಬಾ ಚಪ್ಪಲಿ ಮೆಟ್ಟಿ ನಿಂತಿದ್ದರು. "ಎಂಥ ಕ್ಲಿನಿಕ್ ಅದು? ಇವತ್ತು ನಾನೇ ಬಂದು ನೋಡ್ತೀನಿ."

ಅಮ್ಮಿ ಅಡುಗೆಮನೆಯಿಂದ ಬಂದರು. ಕೈಯಲ್ಲಿ ನೀರಿನ ಬಾಟಲಿ, ಅದರಲ್ಲೊಂದು ಉದ್ದನೆಯ ಸ್ಟ್ರಾ.

"ನೀವ್ಯಾಕ್ರಿ ಹೋಗ್ತೀರಿ? ನಾನು ಕಣ್ಣಾರೆ ನೋಡ್ಕಂಡು ಬಂದೀನಿ. ಒಳ್ಳೆ ಕೆಲಸ ಐತೆ. ಸೆಕೆ ಒಂದು ಜಾಸ್ತಿ."

ಅಬ್ಬಾ ಚಪ್ಪಲಿ ಬಿಟ್ಟರು. ಬಾಟಲಿ ಕೊಡುತ್ತಾ ಅಮ್ಮಿ ಕಿವಿಯಲ್ಲಿ, "ಇದನ್ನಾದ್ರೂ ಕಚ್ಚಬ್ಯಾಡ," ಅಂದರು.

ಬಸ್ ಸ್ಟ್ಯಾಂಡ್ ಇನ್ನೂ ಬಂದಿಲ್ಲ. ಆಗಲೇ ಸ್ಟ್ರಾ ತುದಿ...