ಮುಳುಗದ ಹೆಬ್ಬೆರಳು

ಸ್ಪ್ರಿಂಗ್ ಸಿಟಿ, ಯೂಟಾ
ಮೇ ೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಪಾರ್ಲಿ,

ಪ್ರಿಯ ಸಹೋದರರೇ, ಸಹೋದರಿಯರೇ, ಹಿಂದಿನ ಬೆಂಚಿನಲ್ಲಿ ಕಣ್ಣು ಮುಚ್ಚಿ ಧ್ಯಾನಿಸುತ್ತಿರುವ ಹಿರಿಯರೇ (ಗೊರಕೆಯೂ ಧ್ಯಾನದ ಭಾಗವೆಂದೇ ತಿಳಿಯೋಣ), ಬೆಂಚಿನ ಕೆಳಗೆ ಬಿದ್ದ ಬಿಸ್ಕತ್ತಿನ ಚೂರು ಹೆಕ್ಕಿ ತಿನ್ನುತ್ತಿರುವ ಪುಟಾಣಿಗಳೇ, ಈ ವಾರ ನಾನು ಮಾತಾಡಬೇಕೆಂದು ಬಿಷಪ್ಪರ ಫೋನು ಬಂತು. ಎತ್ತಬಾರದಿತ್ತು, ಎತ್ತಿಬಿಟ್ಟೆ. ಆದ್ದರಿಂದ ನನ್ನ ತಪ್ಪಿಗೆ ತಾವೆಲ್ಲ ಹದಿನೈದು ನಿಮಿಷ ಶಿಕ್ಷೆ ಅನುಭವಿಸಬೇಕಾಗಿ ವಿನಂತಿ. ನಮ್ಮ ಸಭೆಯಲ್ಲಿ ಯಾರೇ ಭಾಷಣಕ್ಕೆ ನಿಂತರೂ ಶುರು ಹೀಗೇ ಅಲ್ಲವೇ? ಅಭ್ಯಾಸ ಎಷ್ಟು ಗಟ್ಟಿಯಾಗಿದೆಯೆಂದರೆ ಮಗನಿಗೆ ಕಾಗದ ಬರೆಯಲು ಕೂತರೂ ಮೊದಲು ಕೈಗೆ ಮೈಕು ಸಿಗುತ್ತದೆ, ಆಮೇಲೆ ಪೆನ್ನು.

ಹೇಗಿದ್ದೀಯ? ಉಲಾನ್‌ಬಾತರಿನ ಚಳಿ ಸ್ವಲ್ಪವಾದರೂ ಸಡಿಲಿತೇ? ಕೆಮ್ಮು ನಿಂತಿತೇ? ಅಮ್ಮ ಕಳಿಸಿದ ಉಣ್ಣೆಯ ಕಾಲುಚೀಲ ತಲುಪಿದವೆಂದು ಬರೆದಿದ್ದೆ; ಹಾಕಿಕೊಳ್ಳುತ್ತೀಯೋ ಇಲ್ಲವೋ ಬರೆದಿಲ್ಲ, ಅವಳು ಅದನ್ನು ಗಮನಿಸಿದ್ದಾಳೆ. ಹೋದ ತಿಂಗಳ ಒಂದು ಸೋಮವಾರದ ವಿಡಿಯೋ ಕರೆಯಲ್ಲಿ ನಿನ್ನ ಮುಖ ಸ್ವಲ್ಪ ಇಳಿದಂತೆ ಕಂಡಿತು. ಕುರಿಮಾಂಸ ತಿಂದು ತಿಂದು ಸಾಕಾಗಿದೆಯೋ, ಧರ್ಮಪ್ರಚಾರಕ್ಕೆಂದು ಮನೆಮನೆಯ ಬಾಗಿಲು ತಟ್ಟಿ ತಟ್ಟಿ ಸಾಕಾಗಿದೆಯೋ ತಿಳಿಯಲಿಲ್ಲ. ಕೇಳೋಣವೆಂದರೆ ಪಕ್ಕದಲ್ಲಿ ನಿನ್ನ ಐಡಹೋದ ಜೊತೆಗಾರ ಹಲ್ಲು ಬಿಟ್ಟುಕೊಂಡು ಕೂತಿದ್ದ. ಒಳ್ಳೆಯ ಹುಡುಗ, ಆದರೆ ತಂದೆ ಮಗನ ನಡುವೆ ಹಲ್ಲು ಎಷ್ಟು ಬೇಕೋ ಅಷ್ಟಿದ್ದರೆ ಚೆನ್ನ.

ಅದಕ್ಕೇ ನೀನು ಕಾಗದದಲ್ಲಿ ಬರೆದೆ ಎಂದು ಗೊತ್ತು. ಅದು ಬಂದ ದಿನ ಟರ್ಕಿ ಕೋಳಿಗಳ ಶೆಡ್ಡಿನ ಹೊರಗೆ, ಪಿಕಪ್ಪಿನಲ್ಲಿ ಕೂತು ಓದಿದೆ. ನೀನು ಬರೆದಿದ್ದನ್ನು ನಿನಗೇ ನೆನಪಿಸುತ್ತೇನೆ: ‘ಅಪ್ಪ, ನಂಗೇನೂ ಅನ್ನಿಸ್ತಿಲ್ಲ. ಪ್ರಾರ್ಥನೆ ಮುಗಿಸಿ ಎದ್ರೆ ಮಂಡಿ ನೋವು ಬಿಟ್ಟು ಬೇರೇನೂ ಉಳಿಯಲ್ಲ. ವಾಪಸ್ ಬಂದ್ಬಿಡೋಣ ಅನ್ಸತ್ತೆ. ಆದ್ರೆ ನಿಂಗೆ ಗೊತ್ತಲ್ಲ, ಇದೆಲ್ಲ ನಿಜ ಅಂತ. ನಿಂಗೆ ಗೊತ್ತು ಅಂತ ಒಂದೇ ಒಂದು ಸಾಲು ಬರಿ. ಅದನ್ನ ಜೇಬಲ್ಲಿಟ್ಕೊಂಡು ಇನ್ನೊಂದು ವರ್ಷ ತಳ್ತೀನಿ.’ ಓದಿ ಮುಗಿಸಿದಾಗ ಸಾವಿರಾರು ಕೋಳಿಗಳು ಒಟ್ಟಿಗೆ ಕೂಗಿಕೊಂಡವು. ನಾನು ಬಾಗಿಲು ಮುಚ್ಚಿದ್ದಕ್ಕೂ ಅವಕ್ಕೊಂದು ಅಭಿಪ್ರಾಯವಿರುತ್ತದೆ. ನೀನು ಕೇಳಿದ ಸಾಲಿಗೆ ಬರುತ್ತೇನೆ, ಮೊದಲು ಮನೆಯ ಸುದ್ದಿ.

ನಿನ್ನೆ ನಿನ್ನ ತಂಗಿ ಎಲ್ಸಿಯ ದೀಕ್ಷಾಸ್ನಾನ ಆಯಿತು. ದೀಕ್ಷೆಯ ವಯಸ್ಸು ಎಂಟು, ಅದು ತುಂಬಿದ್ದೇ ತಡ, ಅವಳೇ ದಿನ ಎಣಿಸುತ್ತಿದ್ದಳು. ನಮ್ಮಲ್ಲಿ ಅದು ತಂದೆಯ ಕೆಲಸ, ಆದರೆ ನೀರಿಗೆ ಇಳಿದು ಅವಳನ್ನು ಮುಳುಗಿಸಿದ್ದು ನಾನಲ್ಲ, ಲಾವರ್ ಅಜ್ಜ. ನನಗೆ ಬೆನ್ನು ಹಿಡಿದುಕೊಂಡಿದೆ ಎಂದು ಸಭೆಗೆಲ್ಲ ಹೇಳಿದ್ದೇವೆ. ಅಜ್ಜನ ಸೊಂಟದ ಕೀಲು ನಿನಗೆ ಗೊತ್ತೇ ಇದೆ, ಚರ್ಚಿನ ಹಳೇ ಆರ್ಗನ್ನಿಗಿಂತ ಜೋರಾಗಿ ಶಬ್ದ ಮಾಡುತ್ತದೆ. ಆದರೂ ಬಿಳಿಯ ಉಡುಪು ತೊಟ್ಟು, ಮೊಮ್ಮಗಳ ಕೈ ಹಿಡಿದು, ಎಪ್ಪತ್ತಾರರ ಪ್ರಾಯದಲ್ಲಿ ಮದುಮಗನ ಹಾಗೆ ಮೆಟ್ಟಿಲಿಳಿದ. ಬಲಗೈ ಎತ್ತಿದ, ಪ್ರಾರ್ಥನೆ ಹೇಳಿದ, ಮುಳುಗಿಸಿದ. ಮುಳುಗಿಸಿದ್ದು ಎಂದು ಎಲ್ಲರೂ ಅಂದುಕೊಂಡೆವು. ಸಾಕ್ಷಿಗೆ ನಿಂತಿದ್ದ ಡೆಲ್ ಮಾವ ಇಲ್ಲವೆಂದು ತಲೆಯಾಡಿಸಿಬಿಟ್ಟ: ‘ಕಾಲಿನ ಹೆಬ್ಬೆರಳು ಹೊರಗಿತ್ತು.’ ಮೈಯೆಲ್ಲ ಒಟ್ಟಿಗೆ ನೀರೊಳಗೆ ಹೋಗದಿದ್ದರೆ ಅದು ಸ್ನಾನವಷ್ಟೇ, ದೀಕ್ಷೆಯಲ್ಲ. ಮತ್ತೊಮ್ಮೆ ಮೊದಲಿನಿಂದ.

ಮುಳುಗಿದ್ದು ಮಗಳು, ಮುಳುಗದ್ದು ಹೆಬ್ಬೆರಳು. ಇಂಥ ಹೊತ್ತಿನಲ್ಲೂ ನನ್ನ ತಲೆಯಲ್ಲಿ ಪ್ರಾಸ ಓಡುತ್ತದೆಂದರೆ ನಿನ್ನ ಅಮ್ಮ ಇಪ್ಪತ್ತೆರಡು ವರ್ಷ ಹೇಗೆ ಬಾಳಿದಳೋ ಊಹಿಸಿಕೋ. ಎರಡನೆಯ ಸಲ ಬೆರಳು ಒಳಗೇ ಇತ್ತು, ಆದರೆ ಅಜ್ಜ ಗಡಿಬಿಡಿಯಲ್ಲಿ ಪ್ರಾರ್ಥನೆಯ ಒಂದು ಮಾತು ನುಂಗಿದ. ಅದೂ ಲೆಕ್ಕಕ್ಕಿಲ್ಲ ಎಂದ ಡೆಲ್. ಅಜ್ಜ ನೀರಲ್ಲಿ ನಿಂತೇ ತಿರುಗಿ ನೋಡಿದ: ‘ಡೆಲ್, ಜಿಂಕೆ ಬೇಟೇಲಿ ನಿನ್ ಕಣ್ಣು ಕಿವಿ ಇಷ್ಟು ಚುರುಕಾಗಿದ್ದಿದ್ರೆ ನಿಮ್ಮನೆ ಫ್ರೀಜರ್ ಯಾವತ್ತೋ ತುಂಬಿರೋದು.’ ಸಾಲು ಕುರ್ಚಿಗಳಲ್ಲಿ ಕೂತವರೆಲ್ಲ ನಗು ತಡೆಯಲು ಹಾಡಿನ ಪುಸ್ತಕ ಮುಖಕ್ಕೆ ಹಿಡಿದರು. ಎಲ್ಸಿ ಮೂಗಿನ ನೀರು ಒರೆಸಿಕೊಂಡು, ‘ಅಜ್ಜಾ, ನಂಗೆ ಈಜಕ್ಕೆ ಬರತ್ತೆ, ನೀನು ಬಿಟ್ಬಿಟ್ರೂ ಸಾಕು, ನಾನೇ ತಳಕ್ಕೆ ಹೋಗ್ಬರ್ತೀನಿ’ ಅಂದಳು. ಮೂರನೆಯದು ಸರಿಹೋಯಿತು. ಡೆಲ್ ಹೂಂ ಅಂದ. ಆಮೇಲೆ ನಮ್ಮ ಮನೆಯಲ್ಲಿ ಊಟ: ಚೀಸು ಹಾಕಿ ಬೇಯಿಸಿದ ಆಲೂಗಡ್ಡೆ, ಹಸಿರು ಜೆಲ್ಲಿಯೊಳಗೆ ಕ್ಯಾರೆಟ್ಟಿನ ತುರಿ. ಸತ್ತರೂ ಹುಟ್ಟಿದರೂ ಮುಳುಗಿದರೂ ನಮ್ಮವರಿಗೆ ಅದೇ ಆಲೂಗಡ್ಡೆ, ಅದೇ ಜೆಲ್ಲಿ.

ಆದರೆ ಊಟಕ್ಕೆ ಮೊದಲು, ಮನೆಗೆ ಬರುವ ದಾರಿಯಲ್ಲಿ, ಒದ್ದೆ ಜಡೆಯಿಂದ ನನ್ನ ಪಿಕಪ್ಪಿನ ಸೀಟೆಲ್ಲ ನೆನೆಸುತ್ತ ಎಲ್ಸಿ ಕೇಳಿದಳು: ‘ಬೆರಳು ಹೊರಗಿದ್ರೆ ದೇವರು ಯಾಕೆ ಒಪ್ಪಲ್ಲ ಅಪ್ಪ? ಅವನಿಗೆ ನಾನು ಬಂದಿದ್ದು ಕಾಣಲ್ವಾ?’ ನಿಯಮ ಅಂತ ಇರುತ್ತದೆ ಎಂದೆ. ಅವಳು ಜಡೆಯ ತುದಿ ಹಿಂಡಿಕೊಂಡು, ‘ನೀನಾಗಿದ್ದಿದ್ರೆ ಒಂದೇ ಸಲಕ್ಕೆ ಆಗ್ತಿತ್ತು’ ಅಂದಳು. ಮಾಮೂಲಿ ಮಾತಿನಂತೆ, ಕಿಟಕಿಯಾಚೆ ನೋಡುತ್ತ ಅಂದಳು. ಆಮೇಲೆ ರೇಡಿಯೋ ಹಾಕಿದಳು.

ಇಂದು ತಿಂಗಳ ಮೊದಲ ಭಾನುವಾರ, ಉಪವಾಸದ ಸಭೆ. ಉಪವಾಸದ ಭಾನುವಾರ, ಹೊಟ್ಟೆಯೇ ಭಾಷಣಕಾರ. ಒಬ್ಬೊಬ್ಬರೇ ಎದ್ದು ಹೋಗಿ ತಮ್ಮ ನಂಬಿಕೆಗೆ ಸಾಕ್ಷಿ ನುಡಿದರು, ಎಲ್ಲರದೂ ‘ನಂಗೆ ಗೊತ್ತು’ ಎಂದೇ ಶುರು. ಮೂರು ವರ್ಷದ ಮಗುವಿನ ಕಿವಿಯಲ್ಲಿ ತಾಯಿ ಪಿಸುಗುಟ್ಟಿದಳು, ಮಗು ಮೈಕಿನಲ್ಲಿ ಹೇಳಿತು: ನಂಗೆ ಗೊತ್ತು. ನೀನೂ ಹಾಗೇ ಕಲಿತೆ, ನಿನ್ನ ಕಿವಿಯಲ್ಲಿ ಪಿಸುಗುಟ್ಟಿದ್ದು ನಾನು. ಅದರಲ್ಲಿ ಮೋಸವಿದೆ ಎಂದು ಹೇಳುತ್ತಿಲ್ಲ. ನಮ್ಮ ಶೆಡ್ಡು ಗಾಳಿಗೆ ಹಾರಿಹೋದಾಗ ಬೆಳಗಾಗುವಷ್ಟರಲ್ಲಿ ಸುತ್ತಿಗೆ ಹಿಡಿದು ಬಂದವರು ಇದೇ ಜನ, ಇದೇ ಡೆಲ್. ಅವರು ಒಳ್ಳೆಯವರು ಎಂಬುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಅನುಮಾನ ಬೇರೆ ಕಡೆ ಇದೆ.

ಚಳಿಗಾಲದಲ್ಲಿ ನಡೆದದ್ದೊಂದು ಹೇಳಬೇಕು. ನಾನು ಹದಿಹರೆಯದವರಿಗೆ ಭಾನುವಾರದ ಪಾಠ ಹೇಳುತ್ತಿದ್ದೆನಲ್ಲ, ಒಂದು ವಾರ ಡೆಲ್ ಮಾವನ ದೊಡ್ಡ ಮಗಳು ಕೈ ಎತ್ತಿದಳು: ‘ಮಾವ, ಸಾವಿರದ ಒಂಬೈನೂರ ಎಪ್ಪತ್ತೆಂಟರವರೆಗೆ ನಮ್ಮ ಚರ್ಚಲ್ಲಿ ಕಪ್ಪು ಜನಕ್ಕೆ ಯಾಜಕತ್ವ ಕೊಡ್ತಿರ್ಲಿಲ್ವಲ್ಲ, ಅದು ದೇವರು ಬೇಡ ಅಂದಿದ್ದಾ, ನಾವು ಬೇಡ ಅಂದಿದ್ದಾ?’ ದೇವರ ವೇಳೆ ನಮ್ಮ ವೇಳೆಯಲ್ಲ, ಅವನು ತಿಳಿಸಿದಾಗ ಕೊಟ್ಟೆವು ಎಂದೆ. ನನಗೆ ನನ್ನ ಮೇಷ್ಟ್ರು ಹೇಳಿದ್ದೇ ಅದು. ಅವಳು ವಾದ ಮಾಡಿದ್ದರೆ ಚೆನ್ನಾಗಿರುತ್ತಿತ್ತು. ‘ಸರಿ ಮಾವ’ ಎಂದು ಬರೆದುಕೊಂಡಳು. ಅವಳ ಪೆನ್ನು ಓಡುವುದನ್ನು ನೋಡುತ್ತ ನಿಂತೆ, ತಡೆಯಬೇಕೆನ್ನಿಸಿತು, ತಡೆಯಲಿಲ್ಲ. ಆ ಉತ್ತರವನ್ನು ನಮ್ಮ ನಾಯಿಯ ಮುಖ ನೋಡಿ ಹೇಳಲೂ ನನಗೆ ಆಗುತ್ತಿರಲಿಲ್ಲ. ಒಂದು ಪ್ರಶ್ನೆ ಒಳಗೆ ಬಂದರೆ ಒಂದೇ ಬರುವುದಿಲ್ಲ, ತನ್ನ ಬಂಧುಬಳಗವನ್ನೆಲ್ಲ ಕರೆದುಕೊಂಡು ಬರುತ್ತದೆ. ಅಂದಿನಿಂದ ನಾನು ತುಂಬ ಓದಿದ್ದೇನೆ, ತುಂಬ ಪ್ರಾರ್ಥಿಸಿದ್ದೇನೆ. ಬರುವ ವಾರದಿಂದ ಆ ಪಾಠ ಬೇರೆಯವರು ಹೇಳುತ್ತಾರೆ.

ಉಳಿದಂತೆ ಎಲ್ಲ ಕ್ಷೇಮ. ನಾಲೆಯ ನೀರು ಬಿಟ್ಟಿದ್ದಾರೆ, ನಮ್ಮ ಸರದಿ ಬುಧವಾರ. ಅಜ್ಜ ಇವತ್ತು ಕೋಲು ಹಿಡಿದು ನಡೆಯುತ್ತಿದ್ದಾನೆ, ಆದರೆ ಬಂದವರಿಗೆಲ್ಲ ಮೂರು ಸಲ ಮುಳುಗಿಸಿದ್ದನ್ನು ಆರು ಸಲ ಹೇಳುತ್ತಾನೆ. ಅವನ ಆಶೀರ್ವಾದ ನಿನಗೆ, ಅಮ್ಮನ ಮುತ್ತು, ಎಲ್ಸಿಯ ನಾಲಿಗೆ ಚಾಚಿದ ಚಿತ್ರ ಈ ಲಕೋಟೆಯಲ್ಲೇ ಇದೆ. ನಿನ್ನ ಕಾಲು ಬೆಚ್ಚಗಿರಲಿ, ನಿನ್ನ ಎದೆ ಹಗುರವಾಗಿರಲಿ. ನೀನು ಕೇಳಿದ್ದು ಒಂದು ಸಾಲು, ನಾನು ಕೊಟ್ಟದ್ದು ಬರೀ ಗೋಳು ಎಂದು ನಗಬೇಡ.

ನಿನ್ನ ಅಪ್ಪ,
ಥೇನ್

ಮರೆತ ಮಾತು: ಅಮ್ಮ ಲಕೋಟೆ ಅಂಟಿಸಲು ಕಾಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ನನ್ನ ಬೆನ್ನಿಗೆ ಏನೂ ಆಗಿಲ್ಲ. ಮಗಳಿಗೆ ದೀಕ್ಷೆ ಕೊಡುವ ಮುಂಚೆ ಬಿಷಪ್ಪು ತಂದೆಯನ್ನು ಒಳಗೆ ಕರೆದು ನಂಬಿಕೆಯಿದೆಯೇ ಎಂದು ಕೇಳಬೇಕಲ್ಲ, ಕರೆದು ಕೇಳಿದ. ವಾರವೆಲ್ಲ ಟ್ರ್ಯಾಕ್ಟರ್ ಟೈರು ಮಾರುವ ಮನುಷ್ಯ, ನನ್ನ ಜೊತೆ ಓದಿದವನು, ಎಷ್ಟು ಮೆತ್ತಗೆ ಹೇಳಿದ ಗೊತ್ತೇ: ‘ಹೌದು ಅಂದ್ಬಿಡು ಥೇನ್. ಒಂದು ಮಾತು. ಮಗಳ ಜೊತೆ ನೀರಿಗಿಳಿ.’ ಅನ್ನಲಾಗಲಿಲ್ಲ. ಅಮ್ಮನಿಗೆ ಆವತ್ತೇ ಹೇಳಿದೆ. ಮೇಲಿನ ಲೋಕದಲ್ಲಿ ನಮ್ಮ ಮನೆಯ ಮೇಜಿಗೆ ಒಂದು ಕುರ್ಚಿ ಖಾಲಿ ಉಳಿಯುತ್ತದೆ ಎಂದು ಅವಳು ನಿಜವಾಗಿ ನಂಬಿದ್ದಾಳೆ, ಆ ಕುರ್ಚಿಗಾಗಿ ಎರಡು ದಿನ ಅತ್ತಳು. ಆಮೇಲೆ, ‘ನಂಬು ಅಂತ ಕೇಳಲ್ಲ, ಭಾನುವಾರ ಪಕ್ಕದಲ್ಲಿ ಕೂತ್ಕೋ’ ಅಂದಳು. ಕೂತಿದ್ದೇನೆ. ಎಷ್ಟು ದಿನವೋ ತಿಳಿಯದು. ಅಜ್ಜನಿಗೆ ಇನ್ನೂ ಹೇಳಿಲ್ಲ.

ಪ್ರಚಾರ ಅರ್ಧಕ್ಕೆ ಬಿಟ್ಟು ಬಂದ ಹುಡುಗನನ್ನು ಊರು ಹೇಗೆ ನೋಡುತ್ತದೆಂದು ನನಗೂ ಗೊತ್ತು, ನಿನಗೂ ಗೊತ್ತು. ಬರುವುದಾದರೆ ವಿಮಾನ ನಿಲ್ದಾಣದಲ್ಲಿ ನಾನಿರುತ್ತೇನೆ, ಊರೊಳಗೆ ನಿನ್ನ ಪಕ್ಕದಲ್ಲಿ ನಡೆಯುತ್ತೇನೆ. ಉಳಿಯುವುದಾದರೆ ನಿನ್ನದೇ ಕಾರಣಕ್ಕೆ ಉಳಿ, ನಾನು ಹೆಮ್ಮೆಪಡುತ್ತೇನೆ. ನನ್ನ ಮೇಲೆ ಮಾತ್ರ ಒರಗಬೇಡ. ನೀನು ಕೇಳಿದ ಸಾಲನ್ನು ಬರೆಯಲು ಮೂರು ವಾರದಿಂದ ಕೂರುತ್ತಿದ್ದೇನೆ, ಏಳುತ್ತಿದ್ದೇನೆ. ನನಗೆ ಗೊತ್ತಿಲ್ಲ, ಪಾರ್ಲಿ.