ಅಪ್ಪನ ಕೈ, ದಪ್ಪ ಜ್ಯಾಕ್

ನವೆಂಬರ್ ೧೪, ಗುರುವಾರ

ಯಾವ ಕನೆಕ್ಟರ್ ಹಾಕುವುದೆಂದು ಮೂರು ದಿನದಿಂದ ಮೀನಮೇಷ ಎಣಿಸುತ್ತಿದ್ದೇನೆ. ಅಪ್ಪನ ಕೈ ನಡುಗುತ್ತದೆ. ರೇಡಿಯೊದಲ್ಲಿ ಚುಕ್ಕಿ-ಗೆರೆಗಳ ಸಂಕೇತ ಕಳಿಸುವ ಮೋರ್ಸ್ ಕೀ ಕುಟ್ಟಿದರೆ ಚುಕ್ಕಿಯೂ ಗೆರೆಯಾಗುತ್ತದೆ. ಇನ್ನು ಅವರು ಟೈಪ್ ಮಾಡಿದ್ದನ್ನು ಕಂಪ್ಯೂಟರೇ ರೇಡಿಯೊಗೆ ಕಳಿಸಲಿ ಎಂದು ಕೇಬಲ್ ಮಾಡುತ್ತಿದ್ದೇನೆ. ರೇಡಿಯೊದ ಹಿಂಬದಿಗೆ ಎಂಟು ಪಿನ್ನಿನ ದುಂಡನೆಯದಾದರೆ ಒಮ್ಮೆ ಸಿಕ್ಕಿಸಿ ಮರೆಯಬಹುದು. ಮುಂಬದಿಗೆ ದಪ್ಪ ಜ್ಯಾಕ್ ಆದರೆ ಪ್ರತಿಸಲ ಕೀ ಕಿತ್ತು ಅದನ್ನು ಹಾಕಬೇಕು. ಅಲ್ಲಿ ಎರಡಕ್ಕೂ ಇರುವುದು ಒಂದೇ ತೂತು. ಹಿಂಬದಿಯದೇ ಸರಿ ಎಂದುಕೊಂಡಿದ್ದೆ.

ಸಂಜೆ ಅಪ್ಪ ಮೆಲ್ಲಗೆ ಕೇಳಿದರು: "ಎಲ್ಲಾ ಅಚ್ಚು ಹಾಕಿದ ಹಾಗೆ ಹೋದ್ರೆ, ಅದು ನಾನೇ ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು ಮಗಳೇ?"

ಅವನೆಂದರೆ ಕಡಲಾಚೆಯ ಗಡಿಯಾರ ರಿಪೇರಿಯವನು. ರೇಡಿಯೊದಲ್ಲೇ ಇಪ್ಪತ್ತು ವರ್ಷದ ಗೆಳೆತನ, ಮುಖ ನೋಡಿದ್ದಿಲ್ಲ. ಅಪ್ಪ ಎರಡಕ್ಷರ ಕುಟ್ಟುವಷ್ಟರಲ್ಲಿ ಆ ಲಯದಿಂದಲೇ ಗುರುತು ಹಿಡಿಯುತ್ತಾನೆ.

ಕಣ್ಣು ಮುಚ್ಚಿದರೆ ಅಪ್ಪ ಕೀ ಕುಟ್ಟುತ್ತಿದ್ದ ಆ ಸದ್ದು ಈಗಲೂ ಬರುತ್ತದೆ, ನೀರಿನ ಮೇಲೆ ಯಾರೋ ಬರಿಗಾಲಲ್ಲಿ ನಡೆದುಬಂದ ಹಾಗೆ. ಚಿಕ್ಕವಳಿದ್ದಾಗ ಅದನ್ನು ಕೇಳುತ್ತಲೇ ನಿದ್ದೆ ಹೋಗುತ್ತಿದ್ದೆ.

ದಪ್ಪ ಜ್ಯಾಕನ್ನೇ ಬೆಸುಗೆ ಹಾಕಿದೆ. ನಡುಗುವ ಕೈಗೂ ಅದು ಸಿಗುತ್ತದೆ. ಮಾತೆಲ್ಲ ಕಂಪ್ಯೂಟರ್ ಆಡಲಿ. ಕೊನೆಗೆ ಅಪ್ಪ ಜ್ಯಾಕ್ ಕಿತ್ತು, ಕೀ ಸಿಕ್ಕಿಸಿ, ತಮ್ಮ ಹೆಸರೊಂದನ್ನು ತಾವೇ ಕುಟ್ಟಲಿ. ನಡುಗಿದರೆ ನಡುಗಲಿ. ಹಳೆಯ ಗಡಿಯಾರದ ಸದ್ದು ಅವನಿಗೇನು ಹೊಸದೇ, ಕಿವಿಗೆ ಹಿಡಿದು ಕೇಳಿ ಇದು ಅಪ್ಪನೇ ಎಂದು ಗುರುತು ಹಿಡಿಯುತ್ತಾನೆ.