ನಾನು ತಟ್ಟಿದ್ರೂ ತೆಗೀಬೇಡಿ

ರೀ,

ಎಬ್ಬಿಸಿದ್ರೆ ಜಗಳಕ್ಕೇ ನಿಲ್ತೀರಿ, ಅದಕ್ಕೆ ಹೇಳದೆ ಹೊರಟೆ. ನಿನ್ನೆಯಿಂದ ನನ್ನ ಕೆಲಸ ಬದಲಾಗಿದೆ. ನೀರಿನ ಮೀಟರ್ ಓದೋದು ಸಾಕಂತೆ, ರೋಗ ಬಂದ ಮನೆಗಳ ಬಾಗಿಲಿಗೆ ಕೆಂಪು ಕಾಗದ ಅಂಟಿಸಬೇಕಂತೆ. ಹನ್ನೆರಡು ವರ್ಷ ಮನೆಮನೆ ತಿರುಗಿದವಳು, ಎಲ್ಲಾ ಬಾಗಿಲೂ ಗೊತ್ತು ಅಂತ ಸಾಹೇಬರು ನನ್ನನ್ನೇ ಹಿಡಿದ್ರು.

ಹಾಲು ಕಾಯಿಸಿಟ್ಟಿದೀನಿ. ಪುಟ್ಟಿಗೆ ಕೊಟ್ಟಮೇಲೆ ಪಾತ್ರೆ ಮುಚ್ಚಿ, ದಿನಾ ಹೇಳಿ ಹೇಳಿ ಸಾಕಾಗಿದೆ. ನನ್ನ ಹಾಸಿಗೆ ಹಿಂದಿನ ರೂಮಿಗೆ ಹಾಕಿ. ಹಿತ್ತಲಲ್ಲಿ ಒಂದು ಬಕೆಟ್ ನೀರು, ಸೋಪು ಇಟ್ಟಿರಿ.

ನಿನ್ನೆ ಸಂಜೆ ಮೊದಲನೇ ಕಾಗದ ಅಂಟಿಸಿದ್ದು ಹೊಲಿಗೆ ಅಜ್ಜಿ ಮನೆಗೆ. ಬಾಗಿಲು ತಟ್ಟಲೇಬಾರದು ಅಂತ ಹೇಳಿಯೇ ಕಳಿಸಿದ್ರು. ಆದ್ರೂ ಈ ಹಾಳು ಕೈ ಎಂದಿನ ಹಾಗೆ ಮೂರು ಸಲ ತಟ್ಟೇಬಿಡ್ತು. "ಬಂದೆ ಕಣೇ" ಅಂತ ಅಜ್ಜಿ ನನಗೆ ಕುಡಿಯೋಕೆ ನೀರು ಹಿಡ್ಕೊಂಡೇ ಬಾಗಿಲು ತೆಗೆದ್ರು, ಕೆಮ್ಮುತ್ತಾ. ನಾನು ಹಿಂದೆಮುಂದೆ ನೋಡದೆ ಓಡಿಬಂದೆ. ರಾತ್ರಿ ತಲೆನೋವು ಅಂತ ಬೇರೆ ಮಲಗಿದ್ದು ಅದಕ್ಕೇ.

ಸಂಜೆ ಬಂದು ಹಿತ್ತಲಿಂದಲೇ ಫೋನ್ ಮಾಡ್ತೀನಿ. ಆದ್ರೆ ಈ ಕೈನ ನಂಬಬೇಡಿ. ಸುಸ್ತಾಗಿ ಬಂದು, ಮರೆತು, ಮುಂಬಾಗಿಲು ತಟ್ಟಿದ್ರೂ ತಟ್ಟಿದೆ. ನಾನು ಎಷ್ಟು ಕೂಗಿದ್ರೂ ತೆಗೀಬೇಡಿ. ಪುಟ್ಟಿಗೆ ನಾನು ತಟ್ಟೋ ಸದ್ದು ಗೊತ್ತು, ಕೇಳಿದ ತಕ್ಷಣ ಓಡಿ ಬರ್ತಾಳೆ. ಮೊನ್ನೆ ಅವಳ ಕೈಗೆ ಚಿಲಕ ಎಟುಕಿತು ಅಂತ ಇಬ್ಬರೂ ಚಪ್ಪಾಳೆ ತಟ್ಟಿದ್ವಲ್ಲ.

ಇದನ್ನ ಓದಿದ ತಕ್ಷಣ ಎದ್ದು ಹೋಗಿ, ಮೇಲಿನ ಚಿಲಕ ಹಾಕಿ.